ಕುಬಸದ ಊಟಕ್ಕೆ ಹುಳಿ-ಸಿಹಿ ಹಣ್ಣಿನ ಸಲಾಡ್: ನೀರೊಡೆಯದಂತೆ ಮಾಡುವುದು ಹೇಗೆ?

ಪ್ರಶ್ನೆ (ವಿದ್ಯಾಗಿರಿ, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ನಾದಿನಿಯ ಕುಬಸ (ಸೀಮಂತ) ಇದೆ. ಹೋಳಿಗೆ, ಕಟ್ಟಿನ ಸಾರು, ಚಿತ್ರಾನ್ನ, ಸಂಡಿಗೆಗಳ ಊಟದ ಜೊತೆಗೆ, ಬಿಸಿಲಲ್ಲಿ ಬಂದವರಿಗೆ ಬಾಯಿ ತಂಪಾಗಲೆಂದು ಹಣ್ಣಿನ ಸಲಾಡ್ ಇಡಬೇಕೆಂದಿದ್ದೇನೆ. ಕಸ್ಟರ್ಡ್ ಅಥವಾ ಐಸ್‌ಕ್ರೀಮ್ ಹಾಕಿದ್ದು ಬೇಡ. ಹೋಳಿಗೆ ಉಂಡವರಿಗೆ ಮತ್ತೆ ಅಷ್ಟೇ ಸಿಹಿ ಹಿಡಿಸುವುದಿಲ್ಲ. ಲಿಂಬೆಯ ಹುಳಿ, ಸ್ವಲ್ಪ ಉಪ್ಪು, ಸ್ವಲ್ಪ ಖಾರ ಇರುವಂಥದ್ದು ಬೇಕು.

ನನ್ನ ಚಿಂತೆ ಸಮಯದ್ದು. ಬೆಳಿಗ್ಗೆ ಎಂಟಕ್ಕೆ ಹೆಚ್ಚಿದರೆ ಪಂಕ್ತಿ ಕೂರುವುದು ಮಧ್ಯಾಹ್ನ ಒಂದಕ್ಕೆ. ಅಷ್ಟರಲ್ಲಿ ತಳದಲ್ಲಿ ನೀರು ನಿಲ್ಲುತ್ತದೆ, ಸೇಬು ಕಪ್ಪಾಗುತ್ತದೆ, ಲಿಂಬೆರಸ ಕೆಲವೊಮ್ಮೆ ಕಹಿಯಾಗುತ್ತದೆ. ಇಪ್ಪತ್ತೈದು ಜನರಿಗೆ ಯಾವ ಯಾವ ಹಣ್ಣು, ಎಷ್ಟು ರಸ, ಯಾವಾಗ ಕಲಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಇಂಡಿ, ವಿಜಯಪುರ ಜಿಲ್ಲೆ)

ಅಕ್ಕನವರೇ, ನೀವು ಹೇಳಿದ ಮೂರು ತೊಂದರೆಗಳಲ್ಲಿ ಮೊದಲನೆಯದಕ್ಕೆ, ಅಂದರೆ ನೀರು ನಿಲ್ಲುವುದಕ್ಕೆ, ಕಾರಣ ಹೊತ್ತಿಗೆ ಮೊದಲೇ ಕಲಸುವುದು. ಕೋಸಂಬರಿಗೆ ಉಪ್ಪು, ಲಿಂಬೆ ಹಾಕುವುದನ್ನು ನಮ್ಮ ಹಿರಿಯರು ಎಲೆ ಹಾಕುವ ಹೊತ್ತಿನವರೆಗೆ ತಡೆಯುತ್ತಿದ್ದರಲ್ಲ, ಹಣ್ಣಿಗೂ ಅದೇ ನಿಯಮ. ಹೆಚ್ಚಿದ ಹಣ್ಣಿಗೆ ಉಪ್ಪಾಗಲಿ ಬೆಲ್ಲವಾಗಲಿ ತಗುಲಿದೊಡನೆ ಅದು ಹೋಳಿನೊಳಗಿನ ನೀರನ್ನು ಹೊರಕ್ಕೆ ಎಳೆಯತೊಡಗುತ್ತದೆ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರೇ ಇರುವುದರಿಂದ ಅರ್ಧ ಗಂಟೆಯಲ್ಲೇ ಪಾತ್ರೆಯ ತಳ ಕೆಂಪಾಗುತ್ತದೆ. ಆದ್ದರಿಂದ ಹಣ್ಣು ಬೇರೆ, ರಸ ಬೇರೆ ಇಟ್ಟುಕೊಂಡು, ಬಡಿಸುವುದಕ್ಕೆ ಹತ್ತು ನಿಮಿಷ ಮೊದಲು ಕಲಸಿರಿ. ಕಲ್ಲಂಗಡಿಯನ್ನಂತೂ ಕಟ್ಟಕಡೆಗೆ ಸೇರಿಸಿ, ಸೌಟಿನಿಂದ ತಿರುವದೆ ಕೈಯಿಂದ ಮೇಲೆ ಕೆಳಗೆ ಮಾಡಿದರೆ ಸಾಕು.

ಈಗ ರಸದ ಮಾತು. ಹೆಚ್ಚಿದ ಒಂದು ಕಿಲೋ ಹಣ್ಣಿಗೆ ಮೂರು ದೊಡ್ಡ ಚಮಚ ಲಿಂಬೆರಸ, ಎರಡು ದೊಡ್ಡ ಚಮಚ ಬೆಲ್ಲದ ನೀರು, ಅರ್ಧ ಚಿಕ್ಕ ಚಮಚ ಕಪ್ಪುಪ್ಪು, ಅಷ್ಟೇ ಹುರಿದು ಪುಡಿ ಮಾಡಿದ ಜೀರಿಗೆ, ಕಾಲು ಚಮಚ ಮೆಣಸಿನಪುಡಿ (ಕರಿಮೆಣಸಿನದು, ಬ್ಯಾಡಗಿಯದಲ್ಲ), ಒಂದು ಹಿಡಿ ಪುದೀನ. ತಲೆಗೆ ನೂರೈವತ್ತು ಗ್ರಾಮಿನಂತೆ ನಿಮಗೆ ಹೆಚ್ಚುಕಡಿಮೆ ಮೂರೂಮುಕ್ಕಾಲು ಕಿಲೋ ಹೋಳು ಬೇಕಾಗುತ್ತದೆ. ಸಿಪ್ಪೆ, ಬೀಜ ಹೋಗುವುದನ್ನು ಲೆಕ್ಕ ಹಿಡಿದು ಆರು ಕಿಲೋ ಕೊಳ್ಳಿರಿ. ಬೆಲ್ಲ ತಣ್ಣನೆಯ ಲಿಂಬೆರಸದಲ್ಲಿ ಸರಿಯಾಗಿ ಕರಗುವುದಿಲ್ಲ. ಹಿಂದಿನ ರಾತ್ರಿಯೇ ಅರ್ಧ ಪಾಲು ನೀರಿನಲ್ಲಿ ಕುದಿಸಿ, ಸೋಸಿ, ಆರಿಸಿ ಇಡಿರಿ. ನಿಮ್ಮ ಜಿಲ್ಲೆಯಲ್ಲೇ ಮಹಾಲಿಂಗಪುರದ ಬೆಲ್ಲ ಸಿಗುವಾಗ ಜೇನಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಕಹಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಲಿಂಬೆ ನಮ್ಮ ಊರಿನ ಬೆಳೆಯೇ; 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಯ (ಊರಿನ ಹೆಸರಿಗೆ ಕಾನೂನು ರಕ್ಷಣೆ ಕೊಡುವ ಜಿಐ ಟ್ಯಾಗ್) ಮಾನ್ಯತೆಯೂ ಸಿಕ್ಕಿತು. ಇಲ್ಲಿಯದು ಕಾಗದದಂತೆ ತೆಳು ಸಿಪ್ಪೆಯ ಕಾಗಜಿ ಲಿಂಬೆ. ಹಿಂಡುವ ಇಕ್ಕಳದಲ್ಲಿ ಜೋರಾಗಿ ಅದುಮಿದರೆ ಸಿಪ್ಪೆಯ ಎಣ್ಣೆಯೂ ರಸದಲ್ಲಿ ಇಳಿದು ನಾಲಿಗೆ ಚುರುಗುಟ್ಟುತ್ತದೆ. ಹಣ್ಣನ್ನು ಅಂಗೈಯಲ್ಲಿ ಉರುಳಿಸಿ ಮೆತ್ತಗೆ ಮಾಡಿ, ಅಡ್ಡಕ್ಕೆ ಕೊಯ್ದು, ಬೆರಳಿನಿಂದ ಹಗುರವಾಗಿ ಹಿಂಡಿ, ಕೊನೆಯ ನಾಲ್ಕು ಹನಿಯ ಆಸೆಯನ್ನು ಬಿಟ್ಟುಬಿಡಿರಿ. ಬೀಜವನ್ನು ಆಗಲೇ ಸೋಸಬೇಕು. ಬೀಜ ನೆನೆದ ರಸ ಹೊತ್ತು ಕಳೆದಂತೆ ಕಹಿಗೆ ತಿರುಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಗಾಜು ಅಥವಾ ಸ್ಟೀಲು ಇರಲಿ. ಹಳದಿ ತಿರುಗುತ್ತಿರುವ, ಸಿಪ್ಪೆ ಹೊಳೆಯುವ, ಕೈಯಲ್ಲಿ ಭಾರವೆನಿಸುವ ಹಣ್ಣನ್ನೇ ಆರಿಸಿರಿ.

ಸೇಬು ಬೇಕೇ ಬೇಕೆಂದರೆ ಹೆಚ್ಚಿದ ತಕ್ಷಣ ಒಂದು ಚಮಚ ಲಿಂಬೆರಸ ಸವರಿರಿ. ಹುಳಿಯ ಮುಂದೆ ಹೋಳು ಕಪ್ಪಾಗಿಸುವ ಕಿಣ್ವದ ಆಟ ಬಹಳ ಹೊತ್ತು ನಡೆಯುವುದಿಲ್ಲ. ಬಾಳೆಹಣ್ಣು, ಚಿಕ್ಕು ಎರಡನ್ನೂ ಬಿಡಿರಿ. ಈ ರಸದಲ್ಲಿ ಅವು ಮುದ್ದೆಯಾಗುತ್ತವೆ.

ಉತ್ತರ (ವಿಜಯಪುರ)

ಇಂಡಿಯವರು ಲಿಂಬೆಯನ್ನು ಹೊಗಳುವುದು ಸಹಜ. ಆದರೆ ಏಪ್ರಿಲ್‌ನಲ್ಲಿ ಮಾವಿನಕಾಯಿ ಇರುವಾಗ ಹುಳಿಯನ್ನೆಲ್ಲ ಲಿಂಬೆಯಿಂದಲೇ ತರಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ಲಿಂಬೆಯನ್ನು ಅರ್ಧಕ್ಕೆ ಇಳಿಸಿ, ಗಟ್ಟಿಯಾದ ಒಂದು ಮಾವಿನಕಾಯಿಯನ್ನು ಎಳೆಎಳೆಯಾಗಿ ತುರಿದು ಹಾಕಿರಿ. ಲಿಂಬೆಯ ಹುಳಿ ಒಮ್ಮೆಲೇ ಬಂದು ಹೋಗುತ್ತದೆ, ಮಾವಿನಕಾಯಿಯದು ಅಗಿಯುತ್ತಾ ಹೋದಂತೆ ಬಿಡುತ್ತದೆ.

ನೀರಿಗೆ ಇನ್ನೊಂದು ಉಪಾಯವಿದೆ. ನಮ್ಮ ಜಿಲ್ಲೆಯಲ್ಲಿ ಒಣದ್ರಾಕ್ಷಿಗೆ ಬರವಿಲ್ಲ. ಒಂದು ಹಿಡಿ ಒಣದ್ರಾಕ್ಷಿಯನ್ನು ನೆನೆಸದೆ, ತೊಳೆದು ಒರೆಸಿ, ಹೆಚ್ಚಿದ ಕರಬೂಜದ ಜೊತೆಗೆ ಇಟ್ಟರೆ ಅದು ಬಿಟ್ಟ ರಸದಲ್ಲಿ ಒಂದಷ್ಟನ್ನು ದ್ರಾಕ್ಷಿಯೇ ಕುಡಿದು ಉಬ್ಬುತ್ತದೆ. ಹಾಗೆಂದು ಅದೊಂದನ್ನೇ ನೆಚ್ಚಬೇಡಿರಿ, ಕಲ್ಲಂಗಡಿಯ ನೀರನ್ನು ಅದು ತಡೆಯಲಾರದು. ಬೀಜವಿಲ್ಲದ ಹಸಿರು ದ್ರಾಕ್ಷಿಯನ್ನು ಇಡಿಯಾಗಿಯೇ ಹಾಕಿರಿ, ಸೀಳಬೇಡಿರಿ. ಆ ಹೊತ್ತಿಗೆ ತೋಟದ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ. ಗೊಂಚಲಿನ ಕಾಂಡ ಹಸಿರಾಗಿದ್ದರೆ ಮಾತ್ರ ಕೊಳ್ಳಿರಿ. ದಾಳಿಂಬೆ ಕಾಳು ಐದು ಗಂಟೆಯಾದರೂ ನೀರೊಡೆಯದೆ ನಿಲ್ಲುವ ಹಣ್ಣು, ಬೆಳಿಗ್ಗೆಯೇ ಬಿಡಿಸಿಟ್ಟರೂ ನಡೆಯುತ್ತದೆ.

ಉತ್ತರ (ಟಿಳಕವಾಡಿ, ಬೆಳಗಾವಿ)

ರುಚಿಯ ಮಾತು ಮೇಲಿನ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಆದರೆ ಉಣ್ಣುವವರಲ್ಲಿ ಬಸುರಿ ಹೆಣ್ಣುಮಗಳಿದ್ದಾಳೆ ಎಂಬುದನ್ನು ಯಾರೂ ಎತ್ತಲಿಲ್ಲ. ಪಪ್ಪಾಯಿಯನ್ನು ಈ ಸಲ ಕೈಬಿಡಿರಿ. ಪೂರ್ತಿ ಮಾಗದ ಪಪ್ಪಾಯಿಯ ಹಾಲು ಬಸುರಿಗೆ ಒಳ್ಳೆಯದಲ್ಲ. ಮಾಗಿದ್ದನ್ನೇ ತಂದರೂ ಕುಬಸದ ಮನೆಯಲ್ಲಿ ಹಿರಿಯರು ಅದನ್ನು ನೋಡಿ ಮುಖ ಸಿಂಡರಿಸಿದರೆ ಊಟದ ಸಂತೋಷವೇ ಹಾಳು.

ಕಲ್ಲಂಗಡಿ, ಕರಬೂಜಗಳನ್ನು ಕೊಯ್ಯುವ ಮೊದಲು ಹರಿಯುವ ನೀರಿನಲ್ಲಿ ಹೊರಸಿಪ್ಪೆಯನ್ನು ಉಜ್ಜಿ ತೊಳೆಯಲೇಬೇಕು. ಕರಬೂಜದ ಸಿಪ್ಪೆಯ ಬಲೆಯಂಥ ಗೆರೆಗಳಲ್ಲಿ ಹೊಲದ ಮಣ್ಣು ಕುಳಿತಿರುತ್ತದೆ, ಚಾಕು ಅದನ್ನು ನೇರವಾಗಿ ತಿರುಳಿಗೆ ಒಯ್ಯುತ್ತದೆ. ಹೆಚ್ಚಿದ ಹಣ್ಣು ಸಾಮಾನ್ಯ ದಿನಗಳಲ್ಲಿ ಎರಡು ಗಂಟೆ ಹೊರಗಿರಬಹುದು. ಸೆಕೆ 32 ಡಿಗ್ರಿ ದಾಟಿದಾಗ ಒಂದೇ ಗಂಟೆ. ನಿಮ್ಮ ಬಾಗಲಕೋಟೆಯ ಏಪ್ರಿಲ್ ಮಧ್ಯಾಹ್ನ ಅದನ್ನು ಸುಲಭವಾಗಿ ದಾಟುತ್ತದೆ. ಎಂಟಕ್ಕೆ ಹೆಚ್ಚುವುದಾದರೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನೊಳಗೇ ಇರಬೇಕು. ಮೊಸರು ಹಾಕುವಂತೆ ಯಾರಾದರೂ ಸಲಹೆ ಕೊಟ್ಟರೆ, ಹಸಿ ಅನಾನಸು ಇರುವ ಸಲಾಡಿಗೆ ಅದನ್ನು ಮೊದಲೇ ಬೆರೆಸಬೇಡಿರಿ, ಸ್ವಲ್ಪ ಹೊತ್ತಿನಲ್ಲೇ ಕಹಿಯಾಗುತ್ತದೆ.

ಪ್ರಶ್ನೆ ಕೇಳಿದವರು (ವಿದ್ಯಾಗಿರಿ, ಬಾಗಲಕೋಟೆ)

ಎಲ್ಲರಿಗೂ ಧನ್ಯವಾದಗಳು. ಕಲ್ಲಂಗಡಿ, ಕರಬೂಜ, ಹಸಿರು ದ್ರಾಕ್ಷಿ, ದಾಳಿಂಬೆ, ಮಾವಿನಕಾಯಿ ತುರಿ ಎಂದು ನಿರ್ಧರಿಸಿದ್ದೇನೆ. ಸೇಬು, ಪಪ್ಪಾಯಿ ಬೇಡ. ಎರಡು ಸಂದೇಹ ಉಳಿದಿವೆ. ಆ ದಿನ ಫ್ರಿಜ್ಜಿನಲ್ಲಿ ಹಾಲು, ಮೊಸರು ತುಂಬಿರುತ್ತವೆ, ನಾಲ್ಕು ಕಿಲೋ ಹಣ್ಣಿಗೆ ಜಾಗವಿಲ್ಲ. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ, ಅವರಿಗೆ ಏನು ಮಾಡಲಿ?

ಉತ್ತರ (ಇಂಡಿ, ವಿಜಯಪುರ ಜಿಲ್ಲೆ)

ಮಾವನವರ ಪಾಲಿನ ಹೋಳನ್ನು ಬೆಲ್ಲದ ನೀರು ಬೆರೆಸುವ ಮೊದಲೇ ತೆಗೆದಿಟ್ಟು, ಅದಕ್ಕೆ ಲಿಂಬೆ, ಜೀರಿಗೆ, ಕಪ್ಪುಪ್ಪು ಮಾತ್ರ ಹಾಕಿರಿ. ಒಣದ್ರಾಕ್ಷಿ ಬೇಡ, ಬಟ್ಟಲೂ ಚಿಕ್ಕದಿರಲಿ. ಎಷ್ಟು ತಿನ್ನಬಹುದೆಂಬುದು ಅವರ ವೈದ್ಯರ ಮಾತು.

ಜಾಗದ ವಿಷಯಕ್ಕೆ, ಇಡಿ ಹಣ್ಣುಗಳನ್ನು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟು ತಣಿಸಿ, ಬೆಳಿಗ್ಗೆ ಹಾಲು ಮೊಸರು ಬಂದಾಗ ಹೊರಗೆ ತೆಗೆಯಿರಿ. ಹೆಚ್ಚುವುದನ್ನು ಹನ್ನೆರಡಕ್ಕೆ ಇಬ್ಬರು ಕೂತು ಮುಗಿಸಿರಿ. ದೊಡ್ಡ ಪರಾತದಲ್ಲಿ (ಅಗಲ ತಟ್ಟೆಯಲ್ಲಿ) ಬರ್ಫದ (ಐಸಿನ) ತುಂಡು ಹರಡಿ, ಮೇಲೆ ಒಂದು ಹಿಡಿ ದಪ್ಪ ಉಪ್ಪು ಎರಚಿ, ಸ್ಟೀಲಿನ ಪಾತ್ರೆಯನ್ನು ಅದರ ನಡುವೆ ಕೂರಿಸಿ ಮುಚ್ಚಿಡಿರಿ. ಅಂಗಡಿಯ ಬರ್ಫ ಯಾವ ನೀರಿನದೋ, ಅದು ಹಣ್ಣಿಗೆ ತಾಗಬಾರದು. ಕರಗಿದ ನೀರು ಪಾತ್ರೆಯ ಅರ್ಧಕ್ಕೆ ಏರುವ ಮೊದಲೇ ಚೆಲ್ಲಿ ಹೊಸ ಬರ್ಫ ಹಾಕಿರಿ.