ಎಲ್‌ಡಿಎಲ್ 158 ಬಂದಿದೆ, ದಿನಾ ಮುದ್ದೆ ತಿಂದರೂ ಯಾಕೆ ಹೀಗೆ?

ಆಲೂರು ಕಡೆಯವನು:
ಹಾಸನದಲ್ಲಿ ಕೆಲಸ, ವಯಸ್ಸು 46. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 241, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಅದು) 158 ಬಂದಿದೆ. ಶುಗರ್, ಬಿಪಿ ಇಲ್ಲ. ಈಗಲೇ ಮಾತ್ರೆ ಬೇಡ, ಮೂರು ತಿಂಗಳು ಜಿಡ್ಡು ಕಡಿಮೆ ಮಾಡಿ ನಾರಿನಂಶ ಜಾಸ್ತಿ ತಿನ್ನಿ, ಆಮೇಲೆ ನೋಡೋಣ ಅಂದರು ಡಾಕ್ಟರು. ನಮ್ಮ ಮನೇಲಿ ರಾತ್ರಿ ಮುದ್ದೆ ತಪ್ಪಿದ್ದೇ ಇಲ್ಲ. ರಾಗಿಯಲ್ಲಿ ನಾರು ಬೇಕಾದಷ್ಟಿದೆ ಅಂತಾರಲ್ವಾ, ಹಾಗಾದರೆ ಇದು ಏರಿದ್ದು ಹೇಗೆ? ಓಟ್ಸ್ ಗಂಜಿ ನನ್ನ ಗಂಟಲಲ್ಲಿ ಇಳಿಯಲ್ಲ. ಇಸಬ್ಗೋಲ್ ಕುಡಿದರೆ ಸಾಕಾ?

ಚಿಕ್ಕಮಗಳೂರು ಡಯಟೀಷಿಯನ್:
ಸರ್, ನಾರಿನಲ್ಲಿ ಎರಡು ಬಗೆ. ನೀರಲ್ಲಿ ಕರಗದ್ದು ಹೊಟ್ಟೆ ಸಲೀಸು ಮಾಡುತ್ತದೆ, ಅಷ್ಟೇ. ಕೊಲೆಸ್ಟ್ರಾಲ್ ಇಳಿಸೋದು ಕರಗುವ ನಾರು, ಅದರಲ್ಲೂ ಲೋಳೆಯಾಗುವಂಥದ್ದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಆದರೆ ಕರಗುವಂಥದ್ದು ಎರಡು ಗ್ರಾಂ ಕೂಡ ಇಲ್ಲ. ಮುದ್ದೆ ಬಿಡಬೇಡಿ, ಅನ್ನಕ್ಕಿಂತ ಒಳ್ಳೆಯದೇ. ಆದರೆ ಈ ಕೆಲಸ ಅದೊಂದರಿಂದ ಆಗಲ್ಲ.

ಒಳಗೆ ನಡೆಯೋದು ಹೀಗೆ. ನಮ್ಮ ಲಿವರ್ ಕೊಲೆಸ್ಟ್ರಾಲ್‌ನಿಂದಲೇ ಪಿತ್ತರಸ ಮಾಡಿ ಕರುಳಿಗೆ ಬಿಡುತ್ತದೆ. ಕೊಬ್ಬು ಜೀರ್ಣವಾದ ಮೇಲೆ ಅದರಲ್ಲಿ ಹೆಚ್ಚಿನ ಪಾಲು ವಾಪಸ್ ಲಿವರಿಗೇ ಹೋಗುತ್ತದೆ. ಕರಗುವ ನಾರಿನ ಲೋಳೆ ಸ್ವಲ್ಪ ಪಿತ್ತವನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಹಾಕುತ್ತದೆ. ಆಗ ಹೊಸ ಪಿತ್ತಕ್ಕೆ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಎಳೆದುಕೊಳ್ಳಲೇಬೇಕು.

ಓಟ್ಸ್‌ನಲ್ಲಿರುವ ಇಂಥ ಕರಗುವ ನಾರಿಗೆ ಬೀಟಾ ಗ್ಲುಕನ್ ಅಂತಾರೆ, ಅದು ದಿನಕ್ಕೆ 3 ಗ್ರಾಂ ಬೇಕು. ಓಟ್ಸ್ ಬಗ್ಗೆ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಒಪ್ಪಿದ ಲೆಕ್ಕ ಇದು. ಓಟ್ಸ್ ಆಗಲ್ಲ ಅಂದರೆ ಬಾರ್ಲಿಯಲ್ಲೂ ಅದೇ ಇದೆ. ಮರುವರ್ಷ ಇಸಬ್ಗೋಲಿಗೂ ಒಪ್ಪಿಗೆ ಕೊಟ್ಟರು, ಅದರಿಂದ ದಿನಕ್ಕೆ 7 ಗ್ರಾಂ ಕರಗುವ ನಾರು ಸಿಗಬೇಕು ಅಂತ. ಅಂದರೆ ಇಸಬ್ಗೋಲ್ ಹೊಟ್ಟು ಸುಮಾರು 10 ಗ್ರಾಂ, ಎರಡು ಸಲಕ್ಕೆ ಹಂಚಿ. ಎಲ್ಲಾ ಸರಿಯಾಗಿ ಮಾಡಿದರೂ ಎಲ್‌ಡಿಎಲ್ ಇಳಿಯೋದು ನೂರಕ್ಕೆ ಐದರಿಂದ ಹತ್ತು. ನಿಮ್ಮ 158 ಹೆಚ್ಚೆಂದರೆ 142-150ಕ್ಕೆ ಬರಬಹುದು. ಹಾಗಾಗಿ ಜಿಡ್ಡು ಕಡಿಮೆ ಮಾಡೋದು ಬಿಡುವ ಹಾಗಿಲ್ಲ.

ಬೇಲೂರಿನ ಅಡುಗೆಮನೆ:
ಅಣ್ಣಾ, ಮುದ್ದೆ ಜೊತೆ ಏನು ತಿಂತೀರಾ ಅದನ್ನು ಹೇಳಲೇ ಇಲ್ಲ ನೋಡಿ! ನಮ್ಮ ಕಡೆ ಗಂಡಸರದ್ದು ಒಂದೇ ಕಥೆ. ಬಸ್ಸಾರು ಮಾಡಿದರೆ ಬಸಿದ ಸಾರಿನಲ್ಲಿ ಮುದ್ದೆ ಅದ್ದಿ ನುಂಗೋದು, ಬೆಂದ ಕಾಳು ಸೊಪ್ಪಿನ ಪಲ್ಯ ಮಾತ್ರ ತಟ್ಟೆ ಮೂಲೆಯಲ್ಲಿ ಉಪ್ಪಿನಕಾಯಿಯಷ್ಟು. ನಾರೆಲ್ಲಾ ಇರೋದು ಆ ಪಲ್ಯದಲ್ಲೇ. ಅದನ್ನು ಒಂದು ಬಟ್ಟಲು ತಿನ್ನಿ. ಹುರುಳಿಕಾಳು, ಅಲಸಂದೆ, ಕಡಲೆಕಾಳು ಯಾವುದಾದರೂ ಸರಿ. ಅವರೆ ಕಾಲದಲ್ಲಿ ಹಿತಕಿದ ಬೇಳೆ ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಆದರೆ ಸಿಪ್ಪೆ ಸುಲಿದು ಬಿಸಾಕಿದ ಮೇಲೆ ನಾರು ಎಷ್ಟು ಉಳಿದೀತು? ಸಿಪ್ಪೆ ಸಮೇತ ಕಾಳು ಸಾರೇ ಮಾಡಿಸಿ.

ಬಾರ್ಲಿಯನ್ನು ರಾತ್ರಿ ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸಿ ಉಪ್ಪಿಟ್ಟಿನ ಥರ ಒಗ್ಗರಣೆ ಹಾಕಿ, ತರಕಾರಿ ಜಾಸ್ತಿ, ಕಾಯಿತುರಿ ಸುಮ್ನೆ ಹೆಸರಿಗೆ. ಸೋಸಿದ ಬಾರ್ಲಿ ನೀರು ಕುಡಿದು ಕಾಳು ಚೆಲ್ಲಬೇಡಿ. ಸಂಜೆ ಬೋಂಡದ ಬದಲು ಸೀಬೆಹಣ್ಣು. ಒಂದೇ ಸಲ ಎಲ್ಲಾ ಶುರು ಮಾಡಿದರೆ ಹೊಟ್ಟೆ ಉಬ್ಬರಿಸಿ ಆಫೀಸಿನಲ್ಲಿ ಕೂರೋಕಾಗಲ್ಲ, ವಾರಕ್ಕೊಂದಷ್ಟು ಅಂತ ಏರಿಸಿ.

ಮೂಡಿಗೆರೆ ತೋಟ:
ಕಾಫಿ ಬಗ್ಗೆ ಯಾರೂ ಮಾತಾಡಿಲ್ಲ, ಕಾಫಿ ಬೆಳೆಯೋನು ನಾನೇ ಹೇಳಬೇಕಾಯ್ತು. ಪುಡಿಯನ್ನು ನೀರಿಗೆ ಹಾಕಿ ಕುದಿಸಿ ಕುಡಿಯೋ ಅಭ್ಯಾಸ ಇದ್ದರೆ ಬಿಡಿ. ಕಾಫಿ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ. ಪೇಪರ್ ಫಿಲ್ಟರ್ ಅದನ್ನು ಬಹುಪಾಲು ಹಿಡಿಯುತ್ತದೆ, ನಮ್ಮ ಸ್ಟೀಲ್ ಫಿಲ್ಟರ್ ಅಷ್ಟು ಹಿಡಿಯಲ್ಲ. ಇನ್ನು ಕಡುಬು ಹಂದಿಕರಿ ವಾರಾವಾರ ಹೊಡೀತಾ ಇಸಬ್ಗೋಲ್ ಕುಡಿದರೆ ಪ್ರಯೋಜನ ಇಲ್ಲ ಸ್ವಾಮಿ.

ಆಲೂರು ಕಡೆಯವನು:
ಬಸ್ಸಾರಿನ ಮಾತು ಓದಿ ಮನೆಯವಳು ಗಟ್ಟಿಯಾಗಿ ನಕ್ಕಳು! ಅವಳು ಬೆಳಿಗ್ಗೆ ಥೈರಾಯ್ಡ್ ಮಾತ್ರೆ ತಗೋತಾಳೆ. ನನ್ನ ಜೊತೆ ಅವಳೂ ಇಸಬ್ಗೋಲ್ ಕುಡಿಯಬಹುದಾ?

ಚಿಕ್ಕಮಗಳೂರು ಡಯಟೀಷಿಯನ್:
ಕುಡಿಯಬಹುದು, ಮಾತ್ರೆ ಜೊತೆಗೆ ಮಾತ್ರ ಬೇಡ. ನಾರು ಆ ಮಾತ್ರೆ ರಕ್ತಕ್ಕೆ ಸೇರೋದನ್ನು ತಡೆಯುತ್ತದೆ. ನಾಲ್ಕು ಗಂಟೆ ಬಿಡಲಿ, ರಾತ್ರಿ ಊಟಕ್ಕೆ ಮುಂಚೆ ತಗೊಂಡರೆ ತಂಟೆಯೇ ಇಲ್ಲ. ಒಮ್ಮೆ ಅವರ ಡಾಕ್ಟರಿಗೂ ಹೇಳಿಡಿ. ಇಬ್ಬರೂ ದೊಡ್ಡ ಲೋಟದ ತುಂಬ ನೀರಲ್ಲಿ ಕಲಸಿ ತಕ್ಷಣ ಕುಡಿಯಿರಿ. ಒಣ ಹೊಟ್ಟು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಹಾಕಿಕೊಳ್ಳುತ್ತದೆ.