ಫಾರಂನಿಂದ ತಂದ ಲೇಯರ್ ಕೋಳಿಗಳ ಗರಿ ಉದುರುತ್ತಿದೆ, ರೋಗವೇ?

ಹಿತ್ತಲಮನೆ, ತುಮಕೂರು

ಮೊಟ್ಟೆ ಫಾರಂ ಒಂದರಲ್ಲಿ ಬ್ಯಾಚ್ ಖಾಲಿ ಮಾಡುವಾಗ ಆರು ಬಿಳಿ ಲೇಯರ್ ಕೋಳಿ ತಂದಿದ್ದೇವೆ. ಬಿವಿ-300 ತಳಿ, ಸುಮಾರು 80 ವಾರದವು ಅಂದರು. ತಂದಾಗಲೇ ಕುತ್ತಿಗೆ, ಎದೆ ಬೋಳಾಗಿತ್ತು. ಈಗ ಬೆನ್ನಿನ ಗರಿಯೂ ಉದುರುತ್ತಿದೆ, ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ನೆಲದ ತುಂಬ ಗರಿ. ಮೊಟ್ಟೆಯೂ ನಿಂತಿದೆ. ನುಚ್ಚಕ್ಕಿ, ರಾಗಿ, ಉಳಿದ ಅನ್ನ ಹಾಕುತ್ತೇವೆ, ಸರಿಯಾಗಿ ತಿನ್ನುತ್ತಿಲ್ಲ. ಹೇನಿನ ಕಾಟವೇ? ಬೇವಿನ ಎಣ್ಣೆ ಹಚ್ಚಬಹುದೇ? ಮನೆಯ ನಾಟಿ ಕೋಳಿಗಳ ಜೊತೆ ಯಾವಾಗ ಬಿಡಬಹುದು?

ಲೇಯರ್ ಶೆಡ್

ನೀವು ಎರಡು ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ನೋಡುತ್ತಿದ್ದೀರಿ. ಕುತ್ತಿಗೆ, ಎದೆ ಬೋಳಾಗಿದ್ದು ಪಂಜರದಲ್ಲಿ. ಮೇವಿನ ತೊಟ್ಟಿಗೆ ತಲೆ ಹಾಕಿದಾಗಲೆಲ್ಲ ತಂತಿಗೆ ಉಜ್ಜಿ ಉಜ್ಜಿ ಗರಿ ಸವೆದಿದೆ. ಈಗ ಬೆನ್ನಿನದು ಉದುರುತ್ತಿರುವುದು ಹೆಚ್ಚಾಗಿ ಗರಿ ಬದಲಿಸುವ ಕಾಲ ಬಂದದ್ದರಿಂದ. ಫಾರಂನಲ್ಲಿ ಬಲ್ಬ್ ಉರಿಸಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ನಮ್ಮ ಕಡೆ ಬೇಸಿಗೆಯಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ. ಬೆಳಕು ಒಮ್ಮೆಲೇ ಅಷ್ಟು ಇಳಿದು, ಮೇವೂ ಬದಲಾದರೆ ಕೋಳಿ ಮೊಟ್ಟೆ ನಿಲ್ಲಿಸಿ ಗರಿ ಬದಲಿಸಲು ಶುರು ಮಾಡುತ್ತದೆ. ಎರಡು-ಮೂರು ತಿಂಗಳು ಹಿಡಿಯುತ್ತದೆ. ಮೊದಲು ತಲೆ, ಕುತ್ತಿಗೆ, ಆಮೇಲೆ ಎದೆ, ಮೈ, ರೆಕ್ಕೆ, ಕೊನೆಗೆ ಬಾಲ.

ನೆಲಕ್ಕೆ ಬಿದ್ದ ಗರಿಯನ್ನು ಎತ್ತಿ ನೋಡಿ. ಬುಡದ ತನಕ ಇಡಿಯಾಗಿದ್ದು, ತುದಿ ಒಣಗಿ ಚೊಕ್ಕಟವಾಗಿದ್ದರೆ ತಾನಾಗಿ ಉದುರಿದ್ದು. ಅರ್ಧಕ್ಕೆ ಮುರಿದಿದ್ದರೆ ಕುಕ್ಕಿದ್ದು ಅಥವಾ ಉಜ್ಜಿದ್ದು. ಆಮೇಲೆ ಚರ್ಮ ನೋಡಿ. ಮುರಿದ ಗರಿಯ ಮೋಟು ಚರ್ಮದಲ್ಲಿ ಉಳಿದಿದ್ದರೆ ಅಲ್ಲಿ ಈಗಲೇ ಹೊಸ ಗರಿ ಬರುವುದಿಲ್ಲ, ಆ ಮೋಟು ಉದುರಿದ ಮೇಲೆಯೇ ಬರಬೇಕು. ಕೀಳಲು ಹೋಗಬೇಡಿ. ನೀಲಿ-ಕಪ್ಪು ಕೊಳವೆಯಂಥವು ಚರ್ಮದಿಂದ ಎದ್ದಿದ್ದರೆ ಅವೇ ಎಳೆ ಗರಿ. ಒಳಗೆ ರಕ್ತ ಹರಿಯುತ್ತಿರುತ್ತದೆ, ಮುಟ್ಟಿದರೆ ನೋವು. ಈ ಹೊತ್ತಿನಲ್ಲಿ ಕೋಳಿಯನ್ನು ಎಷ್ಟು ಕಡಿಮೆ ಹಿಡಿದರೆ ಅಷ್ಟು ಒಳ್ಳೆಯದು.

ಮೊಟ್ಟೆ ಬರಲಿ ಅಂತ ಮತ್ತೆ ರಾತ್ರಿ ಬಲ್ಬ್ ಹಾಕಬೇಡಿ. ಗರಿ ಮುಗಿಯಲಿ.

ಮೇವು ಲೆಕ್ಕ

ಮುಖ್ಯ ತಪ್ಪು ಮೇವಿನದು. ಗರಿಯ ತೂಕದಲ್ಲಿ ಸುಮಾರು 85-90% ಪ್ರೋಟೀನೇ. ನುಚ್ಚು, ರಾಗಿಯಲ್ಲಿ ಇರುವುದು 7-8% ಮಾತ್ರ. ಅನ್ನದಲ್ಲಿ ಹೊಟ್ಟೆ ತುಂಬುತ್ತದೆ, ಗರಿ ಬರುವುದಿಲ್ಲ.

ಇಂಥ ಕೋಳಿಗೆ ದಿನಕ್ಕೆ 110-120 ಗ್ರಾಂ ಮೇವು ಬೇಕು. ಆರಕ್ಕೆ 700 ಗ್ರಾಂ ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಯ ಸಿದ್ಧ ಪುಡಿ ಮೇವು) ತೆಗೆದುಕೊಳ್ಳಿ, ಅದರಲ್ಲಿ 17% ಆಸುಪಾಸು ಪ್ರೋಟೀನ್ ಇರುತ್ತದೆ. ಅದಕ್ಕೆ 60 ಗ್ರಾಂ ಸೋಯಾ ಹಿಂಡಿ ಬೆರೆಸಿದರೆ 19% ದಾಟುತ್ತದೆ, ಗರಿ ಬರುವ ತನಕ ಇಷ್ಟು ಸಾಕು. ಕಡಲೆಕಾಯಿ ಹಿಂಡಿ ಅಗ್ಗ, ನಿಜ. ಆದರೆ ಮಳೆಗಾಲದಲ್ಲಿ ಬೂಸ್ಟು ಹಿಡಿದರೆ ಅದರ ವಿಷ ಈಲಿಗೆ ಬಡಿಯುತ್ತದೆ. ಸಂತೆಯ ಒಣಮೀನು ಹಾಕುವವರಿದ್ದಾರೆ, ಅದರ ಉಪ್ಪು ಕೋಳಿಗೆ ಆಗುವುದಿಲ್ಲ. ಹಳೆಯ ಮೇವಿನಿಂದ ಒಂದು ವಾರದಲ್ಲಿ ಹಂತಹಂತವಾಗಿ ಬದಲಿಸಿ. ಮೊಟ್ಟೆ ನಿಂತಿರುವಾಗ ಮೇಲಿಂದ ಕ್ಯಾಲ್ಸಿಯಂ ಪುಡಿ ಬೆರೆಸುವುದು ಬೇಡ. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಟ್ಟರೆ ಬೇಕಾದದ್ದು ತಿನ್ನುತ್ತದೆ.

ತಿನ್ನದಿರುವುದಕ್ಕೆ ಇನ್ನೊಂದು ಕಾರಣ ಕೊಕ್ಕು. ಫಾರಂ ಕೋಳಿಗೆ ಮರಿಯಿದ್ದಾಗಲೇ ಕೊಕ್ಕಿನ ತುದಿ ಕತ್ತರಿಸಿರುತ್ತಾರೆ. ನೆಲಕ್ಕೆ ಚೆಲ್ಲಿದ ಒಂದೊಂದೇ ಕಾಳು ಎತ್ತಲು ಅದಕ್ಕೆ ಬರುವುದಿಲ್ಲ. ತೊಟ್ಟಿಯಲ್ಲಿ ಮೂರು ಬೆರಳು ಆಳ ಮೇವು ಇರಲಿ. ನೀರೂ ಹಾಗೆಯೇ: ಅವು ಕುಕ್ಕಿದರೆ ನೀರು ತೊಟ್ಟಿಕ್ಕುವ ನಿಪ್ಪಲ್‌ನಲ್ಲಿ ಕುಡಿದು ಬೆಳೆದವು, ಬಟ್ಟಲು ಎದುರಿಗಿದ್ದರೂ ಗುರುತಿಸಲಾರವು. ಕೊಕ್ಕಿನ ತುದಿಯನ್ನು ನೀರಿಗೆ ಒಂದೆರಡು ಸಲ ಅದ್ದಿ ತೋರಿಸಿ.

ಕೋಳಿ ಗೂಡು, ಧಾರವಾಡ

ಹೇನು ಐತೋ ಇಲ್ಲೋ ಅಂತ ಮ್ಯಾಲಿಂದ ನೋಡಿದ್ರ ಗೊತ್ತಾಗೂದಿಲ್ರಿ. ಗುದದ ಸುತ್ತಲಿನ ಗರಿ ಬಿಡಿಸಿ ನೋಡ್ರಿ. ಒಣಹುಲ್ಲಿನ ಬಣ್ಣದ ಹೇನು ಬೆಳಕು ಬಿದ್ದ ಕೂಡ್ಲೆ ಓಡ್ತಾವ. ಗರಿ ಬುಡಕ್ಕ ಸಕ್ಕರಿ ಮೆತ್ತಿದಂಗ ಬಿಳಿ ಗಂಟು ಕಂಡ್ರ ಅವು ಅದರ ತತ್ತಿ. ಕೆಂಪು ನುಸಿ ಬ್ಯಾರೆ. ಅದು ಹಗಲೊತ್ತು ಗೂಡಿನ ಸಂದಿಯೊಳಗ ಅಡಗಿ, ರಾತ್ರಿ ಬಂದು ರಕ್ತ ಹೀರತೈತಿ. ರಾತ್ರಿ ಬ್ಯಾಟರಿ ಹಿಡ್ಕೊಂಡು ಕೂಡೋ ಕೋಲಿನ ಕೆಳಗ ನೋಡ್ರಿ. ಅದಕ್ಕ ಕೋಳಿಗಷ್ಟ ಔಷಧ ಹಾಕಿದ್ರ ಉಪಯೋಗಿಲ್ಲ, ಗೂಡಿನ ಸಂದಿಗೂ ಹೊಡೀಬೇಕು.

ಔಷಧ ಯಾವುದ ಇರ್ಲಿ, ಪಶುವೈದ್ಯರನ್ನ ಕೇಳಿ ತಗೋರಿ. 7-10 ದಿನ ಬಿಟ್ಟು ಇನ್ನೊಮ್ಮೆ ಹಾಕ್ರಿ, ಯಾಕಂದ್ರ ತತ್ತಿ ಮೊದಲ ಸರ್ತಿಗೆ ಸಾಯೂದಿಲ್ಲ. ಎಷ್ಟು ದಿನ ಮೊಟ್ಟಿ ತಿನ್ನಬಾರ್ದು ಅನ್ನೋದೂ ಕೇಳ್ರಿ. ಬರೇ ಬೇವಿನ ಎಣ್ಣಿ ಮೈಗೆ ಹಚ್ಚಬ್ಯಾಡ್ರಿ, ಇದ್ದ ಗರಿ ಅಂಟಿಕೊಂಡು ಮೈ ಬೆಚ್ಚಗ ಇಡೂದಿಲ್ಲ. ಹಳೇ ಬೋಗಾಣಿಯೊಳಗ ಒಣಮಣ್ಣು, ಉಸುಕು, ಆರಿದ ಕಟ್ಟಿಗಿ ಬೂದಿ ಹಾಕಿ ಇಡ್ರಿ, ತಾವಾ ಹೊರಳಾಡ್ತಾವ. ಬೂದಿ ಹಸಿ ಆಗಬಾರ್ದು, ಬೋಳು ಚರ್ಮ ಸುಡತೈತಿ. ಕೊಕ್ಕು ಕತ್ತರಿಸಿದ ಕೋಳಿ ತನ್ನ ಮೈ ಹೇನು ತಾ ತಕ್ಕೊಳ್ಳಾಕ ಬರೂದಿಲ್ಲ, ಅದಕ್ಕ ಇವುಕ್ಕ ಕಾಟ ಜಾಸ್ತಿ.

ಹಿತ್ತಲಮನೆ, ತುಮಕೂರು

ಎಲ್ಲರಿಗೂ ಧನ್ಯವಾದ. ಹೇನು ಕಾಣಲಿಲ್ಲ. ಕುತ್ತಿಗೆಯಲ್ಲಿ ನೀಲಿ ಕೊಳವೆಗಳಿವೆ. ಆದರೆ ಒಂದು ಕೋಳಿಯ ಬಾಲದ ಬುಡದಲ್ಲಿ ರಕ್ತ ಬಂದಿದೆ, ಉಳಿದವು ಅಲ್ಲೇ ಕುಕ್ಕುತ್ತಿವೆ.

ಲೇಯರ್ ಶೆಡ್

ಅದನ್ನು ಈಗಲೇ ಬೇರೆ ಮಾಡಿ. ಕೆಂಪು ಕಂಡರೆ ಉಳಿದವು ಬಿಡುವುದಿಲ್ಲ, ಒಂದು ದಿನದಲ್ಲಿ ಕರುಳು ಹೊರಬರುವಷ್ಟು ಕುಕ್ಕಿಬಿಡುತ್ತವೆ. ಪೊವಿಡೋನ್ ಅಯೋಡಿನ್ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ತೊಳೆದು, ಒಣಗಿಸಿ, ಕೋಳಿಗೆ ಬಳಸಬಹುದಾದ ಗಾಯದ ಸ್ಪ್ರೇ ಹೊಡೆಯಿರಿ. ನೊಣ ಕೂತು ಮೊಟ್ಟೆಯಿಟ್ಟರೆ ಹುಳು ಬೀಳುತ್ತದೆ, ಬೆಳಗ್ಗೆ ಸಂಜೆ ನೋಡಿ. ಗುದದಿಂದ ಕೆಂಪು ಗಡ್ಡೆ ಹೊರಗೆ ಬಂದಿದ್ದರೆ ಅದು ಗಾಯವಲ್ಲ, ವೈದ್ಯರಿಗೇ ತೋರಿಸಬೇಕು. ಗಾಯ ಪೂರ್ತಿ ಮಾಯ್ದ ಮೇಲೆ ಒಂಟಿಯಾಗಿ ತಂದು ಬಿಡಬೇಡಿ, ಇನ್ನೊಂದು ಸಾಧು ಕೋಳಿಯ ಜೊತೆ ಬಿಡಿ.

ಕೂರುವ ಕೋಲು ನೆಲದಿಂದ ಒಂದಡಿಗಿಂತ ಎತ್ತರ ಬೇಡ. ಪಂಜರದಲ್ಲೇ ಇದ್ದು ಮೊಟ್ಟೆಯಿಟ್ಟ ಕೋಳಿಯ ಮೂಳೆ ಪೊಳ್ಳಾಗಿರುತ್ತದೆ, ಹಾರಿ ಇಳಿದರೆ ಮುರಿಯುತ್ತದೆ. ಬೋಳು ಚರ್ಮ ಬಿಸಿಲಿಗೆ ಸುಡುವುದರಿಂದ ಮಧ್ಯಾಹ್ನ ನೆರಳಿರಲಿ. ಬಟ್ಟೆ ಹೊಲಿದು ತೊಡಿಸುವ ಗೀಳು ಈಚೆಗೆ ಶುರುವಾಗಿದೆ, ಅದು ಎಳೆ ಗರಿಯನ್ನು ಒತ್ತಿ ಹಾಳುಮಾಡುತ್ತದೆ.

ಮೇವು ಲೆಕ್ಕ

ನಾಟಿ ಕೋಳಿ ಜೊತೆ ಕೂಡಿಸುವ ಬಗ್ಗೆ ಯಾರೂ ಹೇಳಲಿಲ್ಲ. ಫಾರಂ ಕೋಳಿಗೆ ಲಸಿಕೆ ಆಗಿರುತ್ತದೆ, ತಾನು ಆರೋಗ್ಯವಾಗಿದ್ದೇ ರೋಗ ಹೊತ್ತಿರಬಹುದು. ನಿಮ್ಮ ನಾಟಿ ಕೋಳಿಗಳಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಆಗಿಲ್ಲದಿದ್ದರೆ ಮೊದಲು ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ಕನಿಷ್ಠ ನಾಲ್ಕು ವಾರ ಬೇರೆ ಇಡಿ. ಮೇವು ಹಾಕುವಾಗ ನಾಟಿಯದು ಮೊದಲು, ಹೊಸದರದ್ದು ಆಮೇಲೆ; ಚಪ್ಪಲಿಯೂ ಬೇರೆ. ಆಮೇಲೂ ಮೈ ತುಂಬ ಗರಿ ಮುಚ್ಚುವ ತನಕ ಕಾಯಿರಿ, ನಾಟಿ ಕೋಳಿ ಬೋಳು ಮೈಗೆ ನೇರ ಕುಕ್ಕುತ್ತದೆ. ನಡುವೆ ಜಾಲರಿ ಕಟ್ಟಿ ಒಂದು ವಾರ ಮುಖ ನೋಡಲು ಬಿಟ್ಟು, ಕೂಡಿಸುವ ದಿನ ಮೇವಿನ ತೊಟ್ಟಿ, ನೀರಿನ ಬಟ್ಟಲು ಎರಡೆರಡು ಕಡೆ ಇಡಿ.