ರಿಮ್ಯಾಂಡ್ ದಿನವೇ ಉಚಿತ ವಕೀಲರು ಸಿಗಬೇಕಾದರೆ ಏನು ಮಾಡಬೇಕು?

ಕಟಕಟೆ:
ಕಳವಿನ ಆರೋಪದ ಮೇಲೆ ಕೂಲಿ ಕಾರ್ಮಿಕರೊಬ್ಬರನ್ನು ಬಂಧಿಸಿ ತಾಲ್ಲೂಕಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಹಾಜರುಪಡಿಸಿ ರಿಮ್ಯಾಂಡ್, ಅಂದರೆ ಕಸ್ಟಡಿಗೆ ಒಪ್ಪಿಸುವ ಆದೇಶ, ಕೇಳುವಾಗ ಮನೆಯವರ ಹತ್ತಿರ ಫೀಸಿಗೆ ದುಡ್ಡೂ ಇರುವುದಿಲ್ಲ, ಆದಾಯ ಪ್ರಮಾಣಪತ್ರವೂ ಇರುವುದಿಲ್ಲ. "ಚಾರ್ಜ್‌ಶೀಟ್ ಬರಲಿ, ಆಮೇಲೆ ಅರ್ಜಿ ಹಾಕೋಣ" ಎನ್ನುವವರೇ ಹೆಚ್ಚು. ಉಚಿತ ವಕೀಲರ ಹಕ್ಕು ನಿಜಕ್ಕೂ ಯಾವ ಹಂತದಿಂದ ಶುರು? ಜಾಮೀನು ಸಿಕ್ಕ ಮೇಲೂ ಉಳಿಯುತ್ತದೆಯೇ?

ಪಕ್ಕದ ಬೆಂಚು:
ಆ ಮಾತು ಕೇಳಬೇಡಿ. ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ಹಾಜರುಪಡಿಸಿದಾಗಲೇ ಹಕ್ಕು ಶುರುವಾಗುತ್ತದೆ ಎಂದು ಖತ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12(ಜಿ) ಪ್ರಕಾರ ಕಸ್ಟಡಿಯಲ್ಲಿರುವವರ ಆದಾಯ ಎಷ್ಟೆಂದು ನೋಡುವಂತಿಲ್ಲ. ಹಾಗಾಗಿ ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆಯಬೇಕಿಲ್ಲ.

ಬಂಧನ ಗೊತ್ತಾದ ಕೂಡಲೇ 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲೇ ಅರ್ಜಿ ಬರೆದುಕೊಡಿ. ಠಾಣೆ, ಎಫ್‌ಐಆರ್ ಸಂಖ್ಯೆ, ಕಲಂಗಳು, ಮನೆಯಿಂದ ಕರೆದೊಯ್ದ ದಿನ ಮತ್ತು ಗಂಟೆ ಅದರಲ್ಲಿರಲಿ. ಗಂಟೆಯನ್ನು ಬಿಡಬೇಡಿ. ದಾಖಲೆಯಲ್ಲಿ ಬಂಧನದ ಸಮಯ ಬೇರೆ ಇದ್ದರೆ, 24 ಗಂಟೆ ಮೀರಿದೆ ಎಂದು ವಾದಿಸಲು ಅದೇ ಆಧಾರ. ಕೋರ್ಟಿನಲ್ಲಿ ಆರೋಪಿಯೇ ಬಾಯಿಬಿಟ್ಟು "ವಕೀಲರನ್ನಿಡಲು ಶಕ್ತಿಯಿಲ್ಲ, ಸರ್ಕಾರದಿಂದ ಕೊಡಿ" ಎಂದು ಕೇಳಿ, ಅದು ಆರ್ಡರ್ ಶೀಟಿನಲ್ಲಿ (ಕೋರ್ಟಿನ ದಿನದಿನದ ನಡಾವಳಿ ಬರೆಯುವ ಹಾಳೆ) ದಾಖಲಾಗುವಂತೆ ನೋಡಿಕೊಳ್ಳಬೇಕು.

ಆ ದಿನ ವಕೀಲರಿದ್ದರೆ ಎಷ್ಟು ವ್ಯತ್ಯಾಸ ಗೊತ್ತೇ? ಸಾಮಾನ್ಯ ಕಳವಿಗೆ ಗರಿಷ್ಠ ಶಿಕ್ಷೆ 3 ವರ್ಷ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಬೇಕಾಯಿತು ಎಂದು ಪೊಲೀಸರು ಕಾರಣ ಬರೆದಿರಬೇಕು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, ಕಲಂ 35). ಕಾರಣವೇ ಇಲ್ಲದಿದ್ದರೆ ರಿಮ್ಯಾಂಡನ್ನು ಅಲ್ಲೇ ವಿರೋಧಿಸಬಹುದು. ಮೈಮೇಲಿನ ಗಾಯ, 18 ತುಂಬಿದೆಯೇ ಎಂಬುದು, ಇವನ್ನೂ ಅಂದೇ ಹೇಳಬೇಕು. ತಿಂಗಳ ಮೇಲೆ ಹೇಳಿದರೆ ಗಾಯ ಮಾಸಿರುತ್ತದೆ.

ಕಡತ:
ಮೇಲಿನದಕ್ಕೆ ಒಂದು ಸೇರಿಸಬೇಕು. ಉಚಿತ ವಕೀಲರ ಹಕ್ಕಿದೆ ಎಂದು ತಿಳಿಸದೆಯೇ ವಿಚಾರಣೆ ನಡೆಸಿದ್ದಕ್ಕೆ ಸುಕ್ ದಾಸ್ ಪ್ರಕರಣದಲ್ಲಿ (1986) ಶಿಕ್ಷೆಯೇ ರದ್ದಾಯಿತು. ಆದರೆ ರಿಮ್ಯಾಂಡ್ ಹಂತದಲ್ಲಿ ವಕೀಲರಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಮುಂದಿನ ವಿಚಾರಣೆ ಬಿದ್ದುಹೋಗುವುದಿಲ್ಲ, ಅದರಿಂದ ಹಾನಿಯಾಗಿದೆಯೆಂದು ತೋರಿಸಬೇಕು ಎಂದು 2012ರ ಕಸಬ್ ತೀರ್ಪು ಹೇಳುತ್ತದೆ. ಆದ್ದರಿಂದ ಕಳೆದುಹೋದ ರಿಮ್ಯಾಂಡನ್ನು ಮೇಲ್ಮನವಿಯಲ್ಲಿ ಸರಿಪಡಿಸಿಕೊಳ್ಳೋಣ ಎಂದು ನೆಚ್ಚಿ ಕೂರಬೇಡಿ.

ಡಿಫಾಲ್ಟ್ ಜಾಮೀನನ್ನೂ ಹೀಗೇ ಕಳೆದುಕೊಳ್ಳುತ್ತಾರೆ. ಇಂಥ ಪ್ರಕರಣದಲ್ಲಿ 60 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಲೆಕ್ಕ ಮೊದಲ ರಿಮ್ಯಾಂಡ್ ದಿನದಿಂದ. ಗಡುವು ಮುಗಿದ ಮೇಲೆ, ಚಾರ್ಜ್‌ಶೀಟ್ ಸಲ್ಲಿಕೆಯಾಗುವ ಮೊದಲೇ ಅರ್ಜಿ ಬಿದ್ದಿರಬೇಕು. ದಿನ ಎಣಿಸುವ ವಕೀಲರೇ ಇಲ್ಲದಿದ್ದರೆ ಆ ಹಕ್ಕು ಸದ್ದಿಲ್ಲದೆ ಹೋಗುತ್ತದೆ.

ಕಟಕಟೆ:
ಜಾಮೀನಿನ ನಂತರದ್ದು?

ಪಕ್ಕದ ಬೆಂಚು:
ಹೊರಬಂದರೆ 12(ಜಿ) ಆಧಾರ ಹೋಗುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಪ್ರಶ್ನೆಯಿಲ್ಲದೆ ಮುಂದುವರಿಯಬಹುದು. ಉಳಿದವರಲ್ಲಿ ಹೆಚ್ಚಿನವರು ಆದಾಯದ ಬಗ್ಗೆ ಅಫಿಡವಿಟ್ ಕೊಡಬೇಕು; ಕಲಂ 13ರಂತೆ ಸಾಮಾನ್ಯವಾಗಿ ಅಷ್ಟೇ ಸಾಕು. ಬಿಡುಗಡೆಯಾದ ವಾರದಲ್ಲೇ ಕೊಟ್ಟುಬಿಡಿ, ಸಾಕ್ಷಿ ವಿಚಾರಣೆಯ ಹೊತ್ತಿಗೆ ವಕೀಲರಿಲ್ಲದೆ ನಿಲ್ಲುವಂತಾಗಬಾರದು.

ಪಹಣಿ:
ಜಾಮೀನು ಮಂಜೂರಾಗಿಯೂ ಜೈಲಿನಲ್ಲೇ ಉಳಿಯುವವರನ್ನು ಮರೆಯಬೇಡಿ. ಶ್ಯೂರಿಟಿಗೆ, ಅಂದರೆ ಜಾಮೀನುದಾರರಾಗಿ ನಿಲ್ಲಲು, ಪಹಣಿ ತರುವವರೇ ಇರುವುದಿಲ್ಲ. 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟ್ ತಾನಾಗಿಯೇ ಪರಿಶೀಲಿಸಬಹುದು. ವಕೀಲರಿಂದ ಷರತ್ತು ಸಡಿಲಿಕೆಯ ಅರ್ಜಿಯನ್ನು ಮೊದಲೇ ಹಾಕಿಸಿ.

ಇನ್ನು, ನೇಮಕವಾದ ವಕೀಲರು ಝೆರಾಕ್ಸಿಗೆಂದು ದುಡ್ಡು ಕೇಳಿದರೂ ಕೊಡಬೇಡಿ. ಚಾರ್ಜ್‌ಶೀಟಿನ ಪ್ರತಿ ಆರೋಪಿಗೆ ಪುಕ್ಕಟೆ ಸಿಗಬೇಕಾದದ್ದು. ಹಣ ಕೇಳಿದರೆ, ಜೈಲಿಗೆ ಬಂದು ಮಾತಾಡಿಸದಿದ್ದರೆ, ದಿನಾಂಕ ಹಾಕಿ ಕಾರ್ಯದರ್ಶಿಗೆ ಲಿಖಿತ ದೂರು ಕೊಟ್ಟು ಬೇರೆ ವಕೀಲರನ್ನು ಕೇಳಿ. ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ.